ಬೋಲ್ಟು ಬಿಗಿಯುವ ಕೈ

ಕೆಳಕಕ್ಷೆಯ ಉಪಗ್ರಹ ಯಾರಿಗಾಗಿಯೂ ನಿಲ್ಲುವುದಿಲ್ಲ. ಒಂದು ದಿಗಂತದಲ್ಲಿ ಹುಟ್ಟಿ, ನೆತ್ತಿ ಹಾಯ್ದು, ಚಹಾ ಆರುವಷ್ಟರಲ್ಲಿ ಇನ್ನೊಂದರಲ್ಲಿ ಮುಳುಗುತ್ತದೆ. ಇಷ್ಟಾದರೂ ನಮಗೆ ಗೊತ್ತಿರಬೇಕಿತ್ತು. ಆಕಾಶದ ಮೂಲಕ ಹರಟಲು ಬರುತ್ತದೆ, ತಲೆಯೆತ್ತಿ ನೋಡಲು ಮಾತ್ರ ಪುರುಸೊತ್ತಿಲ್ಲ.

ಕಟ್ಟಡದವರೆಲ್ಲ 'ಡಿಶ್ ಮಾವ' ಎಂದು ಕರೆಯುವ ಮನುಷ್ಯನಿಗೆ ಅದು ಗೊತ್ತಿತ್ತು. ಅವರ ಕೈಗೆ ಗೊತ್ತಿರಲಿಲ್ಲ. ಟಿವಿ ಡಿಶ್ ಕೂರಿಸುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ಟಿವಿಯ ಉಪಗ್ರಹಗಳು ಬಾನಿನಲ್ಲಿ ನಿಂತಲ್ಲೇ ನಿಂತಂತೆ ಕಾಣುವಂಥವು. ಡಿಶ್ ತಿರುಗಿಸು, ಚಿತ್ರ ಬಂತೋ, ಬೋಲ್ಟು ಬಿಗಿ, ಮನೆಗೆ ನಡೆ.

ನಿವೃತ್ತಿಯ ಮೇಲೆ ಅವರೂ, ಬೆಟ್ಟಗಳಾಚೆಯ ಊರಿನ ಅವರ ಅಕ್ಕನೂ ಹವ್ಯಾಸಿ ರೇಡಿಯೊ ಪರವಾನಗಿಯ ಪರೀಕ್ಷೆ ಪಾಸು ಮಾಡಿದರು. ಉಪಗ್ರಹದ ಮೂಲಕವೇ ಮಾತಾಡಬೇಕೆಂಬ ಹುಚ್ಚು. ಫೋನಿಲ್ಲವೇ ಎಂದವರಿಗೆ ಅಕ್ಕನ ಉತ್ತರ: "ಅಂಗಡೀಲಿ ಮೀನು ಸಿಗುತ್ತೆ ಅಂತ ಗಾಳ ಹಾಕೋರು ಬಿಟ್ಟಿದ್ದಾರಾ?"

ಅದಕ್ಕೆ ಬಯಲು ಆಕಾಶ ಬೇಕು, ಆದರೆ ತಾರಸಿಗೆ ಬೀಗ. "ತಾರಸಿ ಎಲ್ಲರದ್ದು, ಅದಕ್ಕೇ ಬೀಗ" ಎಂಬುದು ಕಟ್ಟಡದ ಕಾರ್ಯದರ್ಶಿಯ ನ್ಯಾಯ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ! ಗೋಗರೆದು ಗೋಗರೆದು ಸಾಕಾದ ಮೇಲೆ ಆತ ಬಾಗಿಲು ತೆರೆದ.

"ಇವತ್ತೊಂದು ಸಂಜೆ, ಮಾವ. ಏನೂ ಕೇಳಿಸ್ಲಿಲ್ಲ ಅಂದ್ರೆ ಮತ್ತೆ ಕೀ ಕೇಳ್ಬೇಡಿ."

ಉಪಗ್ರಹ ಹುಟ್ಟಿತು. ರೇಡಿಯೊದ ಗೊರಗೊರದಲ್ಲಿ ಅಕ್ಕನ ದನಿಯ ಎಳೆಯೊಂದು ಸಿಕ್ಕಿತು. ಸಿಕ್ಕಿದ್ದೇ ತಡ, ಮಾವ ಕಂಬಕ್ಕೆ ಕೂರಿಸಿದ್ದ ಆಂಟೆನಾದ ಬೋಲ್ಟು ಬಿಗಿದೇಬಿಟ್ಟರು. ದನಿ ಜಾರಿತು. ಸಡಿಲಿಸಿ, ಹುಡುಕಿ, ಸಿಕ್ಕಿದೊಡನೆ ಮತ್ತೆ ಬಿಗಿದರು. ಮೆಟ್ಟಿಲ ಬಾಯಲ್ಲಿ ಕಾರ್ಯದರ್ಶಿ ಆಕಳಿಸಿದ.

ಪಕ್ಕದಲ್ಲೇ ನಿಂತಿದ್ದ ಮಾವನ ಹೆಂಡತಿಗೆ ತಡೆಯಲಾಗಲಿಲ್ಲ. "ರೀ, ಕೊಡಿ ಇಲ್ಲಿ ಆ ಸ್ಪ್ಯಾನರ್!" ಕಿತ್ತುಕೊಂಡರು. "ಆಂಟೆನಾ ಕೈಯಲ್ಲಿ ಹಿಡೀರಿ. ಮಗು ಹಿಂದೆ ತುತ್ತು ಹಿಡ್ಕೊಂಡು ಓಡ್ತಾರಲ್ಲ, ಹಾಗೆ."

"ನಾನ್ಯಾವತ್ತು ಓಡಿದ್ದೆ? ನೀನೇ ಓಡಿದ್ದು."

"ಅದಕ್ಕೇ, ಈಗ ಓಡಿ!"

ಮಾವ ಆಂಟೆನಾ ಎತ್ತಿಕೊಂಡು, ನೆತ್ತಿಯಿಂದ ಇಳಿಯುತ್ತಿದ್ದ ಕಾಣದ ಉಪಗ್ರಹದ ಹಿಂದೆ ಮೆಲ್ಲಗೆ ತಿರುಗುತ್ತ ಹೋದರು. ಗೊರಗೊರ ತಿಳಿಯಾಯಿತು.

"ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟೊತ್ತು?" ಅಕ್ಕ ಗದರಿದರು.

"ಇಲ್ಲೇ ಇದೀನಕ್ಕ. ಬೋಲ್ಟು ಬಿಗೀತಿದ್ದೆ."

ಬೆಟ್ಟದಾಚೆಯ ನಗು ತಾರಸಿ ತುಂಬ ಉದುರಿತು. ಉಪಗ್ರಹ ಮುಳುಗುವವರೆಗೂ ಮಾವ ಬೈಸಿಕೊಂಡರು; ಮುಖ ಮಾತ್ರ ಊರಗಲ.

ಕಾರ್ಯದರ್ಶಿ ಕೀಯನ್ನು ಅವರ ಅಂಗೈಗೇ ಹಾಕಿದ. "ನಾಳೆ ಎಷ್ಟೊತ್ತಿಗೆ ಬರುತ್ತೆ ಅದು? ನಾನೂ ಬರ್ತೀನಿ."

ಆತನಿಗೆ ಬುದ್ಧಿ ಬಂತು. ನಿಮ್ಮ ಕಟ್ಟಡದ ತಾರಸಿಗೂ ಬೀಗ ಜಡಿದಿದ್ದೀರಲ್ಲ? ತೆಗೆಯಿರಿ, ಇವತ್ತೇ.