ಸಾಲು ತಪ್ಪಿ ಹೋದ ಒಂದು ಕರೆ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕಕ್ಕೆ ಎಳೆದುಕೊಂಡ ಮಡಚುವ ಮೇಜಿನ ಮುಂದೆ ಆಕೆ ಕೂತಿದ್ದಾರೆ. ಮೇಜಿನ ಮೇಲೆ ಕಾಲೇಜಿನವರು ಕೊಟ್ಟ ಹಳೆಯ ಲ್ಯಾಪ್‌ಟಾಪ್, ಒಂದೇ ಕಿವಿಗೆ ಕೇಳಿಸುವ ಹೆಡ್‌ಫೋನ್, ಕೆನೆಗಟ್ಟಿ ತಣ್ಣಗಾದ ಚಹಾ. ನಂಬರ್ ಒತ್ತುವ ಮೊದಲು ಅಂಗೈಯನ್ನು ಮಂಡಿಗೆ ಒರೆಸಿಕೊಳ್ಳುತ್ತಾರೆ. ಈ ಚಳಿಯಲ್ಲೂ ಅಂಗೈ ಬೆವರುತ್ತದೆ. ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಆ ಬೆವರು ಮಾತ್ರ ನಿಂತಿಲ್ಲ.

ಅತ್ತ ಕಡೆ ರಿಂಗಾಗುತ್ತದೆ. "ಯಾರು? ಏನಾಯ್ತು?" ನಿದ್ದೆಗಣ್ಣಿನ ಹುಡುಗನೊಬ್ಬನ ಗಾಬರಿಯ ದನಿ.

"ಏನೂ ಆಗಿಲ್ಲಪ್ಪ, ಹೆದರ್ಬೇಡ. ನಾನು ಕಾಲೇಜಿನ ಆನ್‌ಲೈನ್ ಪಾಠದ ಅಧ್ಯಯನದಿಂದ ಮಾತಾಡ್ತಿದ್ದೀನಿ. ಎರಡು ವಾರದಿಂದ ನೀನು ಪಾಠಕ್ಕೆ ಬಂದಿಲ್ಲ ಅಂತ ತೋರಿಸ್ತಿದೆ. ಯಾಕಪ್ಪ?"

ಹುಡುಗ ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಸಂಜೆ ವಿಡಿಯೋ ಹಾಕಿದರೆ ಮೇಷ್ಟ್ರಿಗಿಂತ ಮೊದಲು ಅವನ ಗೊರಕೆ ಶುರುವಾಗುತ್ತದಂತೆ. ಆಕೆ ನಗುತ್ತಾರೆ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬೆರಳಚ್ಚು ಮಾಡುತ್ತಾರೆ, ಮುಂದಿನ ನಂಬರಿಗೆ ಹೋಗುತ್ತಾರೆ. ಕೆಲಸಕ್ಕೆ ಹೋಗುವ ಮಕ್ಕಳು ಕೈಗೆ ಸಿಗುವುದೇ ಈ ಹೊತ್ತಿನಲ್ಲಿ. ಅದಕ್ಕೇ ಮಕ್ಕಳು ಇವರಿಗೆ ಇಟ್ಟ ಹೆಸರು ಅಲಾರಾಂ ಅಕ್ಕ. ಕೆಲವರು ಬೇರೆ ಹೆಸರೂ ಇಟ್ಟಿರಬೇಕು, ಅದು ತಮ್ಮ ಕಿವಿಗೆ ಬಿದ್ದಿಲ್ಲ ಎನ್ನುತ್ತಾರೆ ಆಕೆ.

ಪದವಿ ತರಗತಿಗಳಿಗೆ ವಾರದಲ್ಲಿ ಮೂರು ದಿನ ಆನ್‌ಲೈನ್, ಎರಡು ದಿನ ಕಾಲೇಜು ಎಂಬ ಏರ್ಪಾಡು ಬಂದ ಮೇಲೆ, ಇದರಿಂದ ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರೆಯೇ ಎಂದು ಪ್ರೊಫೆಸರೊಬ್ಬರು ಸಂಶೋಧನೆಗೆ ಇಳಿದರು. ಯಾರು ಎಷ್ಟು ಹೊತ್ತು ಪಾಠ ನೋಡಿದರು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಯಾಕೆ ನೋಡಲಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಕೇಳಿ ತಿಳಿಯುವುದು ಅಕ್ಕನ ಕೆಲಸ. ದಿನಕ್ಕೆ ನಲವತ್ತರ ಆಸುಪಾಸು ಕರೆ. ಅರ್ಧಕ್ಕರ್ಧ ಜನ ಎತ್ತುವುದಿಲ್ಲ, ಎತ್ತಿದವರಲ್ಲಿ ಕೆಲವರು ಬೈದು ಇಡುತ್ತಾರೆ. ಉಳಿದವರು ಹೇಳಿದ್ದು ಸಮ್ಮೇಳನಗಳಲ್ಲಿ ಬಣ್ಣದ ನಕ್ಷೆಯಾಗಿ ಪರದೆಯ ಮೇಲೆ ಏರುತ್ತದೆ. "ಮಿಶ್ರ ಕಲಿಕೆ ಅಂದಾಗ ನನಗೆ ಔಷಧಿ ಅಂಗಡಿ ಮಿಕ್ಸ್ಚರ್ ನೆನಪಾಯ್ತು. ಕುಡಿದ್ರೆ ಗೊತ್ತಾಗುತ್ತೆ ಬಿಡಿ ಅಂದ್ಕೊಂಡು ಸೇರಿದೆ," ಎನ್ನುತ್ತಾರೆ.

ಇದಕ್ಕೆ ಮೊದಲು ಅವರು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಹದಿನೆಂಟು ವರ್ಷ ಅದೇ ಕುರ್ಚಿ. ರೋಗಿಯ ಸ್ಥಿತಿ ಕೆಟ್ಟರೆ ಮನೆಯವರಿಗೆ ತಿಳಿಸುವ ಕೆಲಸ ಅವರ ಪಾಲಿಗೇ ಬರುತ್ತಿತ್ತು. "ಬೇಗ ಬನ್ನಿ" ಎನ್ನುವುದಷ್ಟೇ ಅವರಿಗೆ ಕೊಟ್ಟ ಮಾತು, ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳುವಂತಿರಲಿಲ್ಲ. ಅತ್ತ ಕಡೆಯವರಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಗಿಬಿಡುತ್ತಿತ್ತು. ಯಂತ್ರ ಬಂದು ಕುರ್ಚಿ ಹೋಯಿತು. ಭಯ ಹೋಗಲಿಲ್ಲ. ಸ್ವಂತ ಮನೆಯಲ್ಲಿ ಫೋನ್ ಸದ್ದಾದರೂ ಅವರ ಕೈಕಾಲು ತಣ್ಣಗಾಗುತ್ತದೆ.

"ಹೆದರೋಳಿಗೆ ಫೋನ್ ಕೆಲಸ, ಈಜು ಬಾರದೋನಿಗೆ ದೋಣಿ ಕೆಲಸ," ಎಂದು ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. ಎಂಬತ್ತರ ಹತ್ತಿರದ ಅವರಿಗೆ ಕಿವಿ ಮಂದ, ಆದರೆ ಸೊಸೆಯ ಬಗ್ಗೆ ಆಡುವ ಮಾತು ಮಾತ್ರ ಹೇಗೋ ಕೇಳಿಸಿಬಿಡುತ್ತದೆ. ಅಕ್ಕ ನಗುತ್ತಾರಾದರೂ ಕಣ್ಣು ಮೇಜಿನ ಮೇಲಿನ ಸ್ವಂತ ಮೊಬೈಲಿನ ಕಡೆಗೇ ಇದೆ. ಆ ಮೊಬೈಲಿಗೂ ಒಂದು ಕಥೆಯಿದೆ. ಆ ಕಥೆಯೊಳಗಿನ ತಾಯಿಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿರುವುದು.

ಹೋದ ವರ್ಷದ ಮಾತು. ಅಧ್ಯಯನದ ನಿಯಮ ಸರಳ: ಪಾಠ ನೋಡುವುದನ್ನು ಬಿಟ್ಟವರಿಗೆ ಮಾತ್ರ ಕರೆ. ತಪ್ಪದೆ ನೋಡುವವರ ತಂಟೆಗೆ ಹೋಗುವಂತಿಲ್ಲ. ಅವರು ಹೇಗೂ ಚೆನ್ನಾಗಿ ಕಲಿಯುತ್ತಿದ್ದಾರಲ್ಲ! ಅಂದು ಅಕ್ಕನಿಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು, ಕಣ್ಣು ಮಂಜುಮಂಜು. ಪರದೆಯ ಮೇಲೆ ಒಂದು ಸಾಲು ತಪ್ಪಿತು. ಪಾಠ ಬಿಟ್ಟ ಹುಡುಗನ ಬದಲು ಅವನ ಮೇಲಿನ ಸಾಲಿನ ಹುಡುಗಿಯ ಮನೆಗೆ ಕರೆ ಹೋಯಿತು. ಆ ಹುಡುಗಿ ಇಡೀ ತರಗತಿಗೇ ಮೊದಲಿಗಳು. ಒಂದು ವಿಡಿಯೋ ಬಿಟ್ಟಿಲ್ಲ, ಒಂದನ್ನೂ ಅರ್ಧಕ್ಕೆ ನಿಲ್ಲಿಸಿಲ್ಲ.

ಎತ್ತಿದ್ದು ತಾಯಿ. ಅಕ್ಕ ಎಂದಿನಂತೆ ಕೇಳಿದರು, "ನಿಮ್ಮ ಮಗು ಪಾಠಕ್ಕೆ ಬರ್ತಿಲ್ಲ ಅಂತ ಗೊತ್ತಾಯ್ತು. ಯಾಕಮ್ಮ?"

ಆ ಕಡೆ ಬಿಕ್ಕಿ ಅಳುವ ಸದ್ದು. "ನಿಮಗೆ ಹೇಗೆ ಗೊತ್ತಾಯ್ತು? ದಿನಾ ನಾನೇ ಹಾಕ್ತೀನಿ ಅಮ್ಮಾ. ಅವಳ ಹೆಸರು ಹೊಡೆದುಹಾಕ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಗಿತ್ತು. ಆದರೆ ಆ ಹೆಗಲಿನ ಮೇಲೆ ಇದ್ದದ್ದು ಕದ್ದ ಮಾಲಲ್ಲ. ಮಗಳು ಐದು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಾತಿಲ್ಲ, ಊಟ ಕೊಟ್ಟರೆ ಎರಡು ತುತ್ತು. ಕಾಲೇಜಿಗೆ ಹೋಗಬೇಕಾದ ದಿನಗಳಿಗೆ ಕಾಲು ಮುರಿದಿದೆ ಎಂದು ತಾಯಿ ಬರೆದು ಕಳಿಸಿದ್ದರು. ಉಳಿದ ದಿನ ಮಗಳ ಮೊಬೈಲಿನಲ್ಲಿ ಪಾಠ ಹಾಕಿ, ಮುಗಿಯುವವರೆಗೂ ಹಾಸಿಗೆಯ ಪಕ್ಕ ಕೂತಿರುತ್ತಿದ್ದರು. ಹಾಜರಿ ಕಮ್ಮಿಯಾದರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಮಗಳು ಎದ್ದು ಹೋಗುವುದಕ್ಕೆ ಜಾಗವೇ ಇರುವುದಿಲ್ಲ ಎಂಬ ಭಯ. ಕೋಣೆಯ ಬಾಗಿಲಿನ ಚಿಲಕವನ್ನು ತಾವೇ ಕಿತ್ತು ಹಾಕಿದ್ದರು. ಯಾಕೆ ಎಂದು ಅವರೂ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗೊತ್ತಿಲ್ಲದ ಯಂತ್ರ, ಆ ಮನೆಯ ಸಾಲಿಗೆ ಎಲ್ಲ ಸರಿಯಿದೆ ಎಂಬ ಹಸಿರು ಬಣ್ಣ ಬಳಿದು ಕೂತಿತ್ತು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಬಿಟ್ಟೆ. ಅಳೋರಿಗೆ ಬೇರೇನು ಹೇಳೋದು?" ಅಕ್ಕ ಹೆಡ್‌ಫೋನ್ ತೆಗೆದು ಪಕ್ಕಕ್ಕಿಡುತ್ತಾರೆ. "ಫೋನ್ ಇಟ್ಮೇಲೆ ಹೆದರಿಕೆ ಶುರುವಾಯ್ತು ನೋಡಿ. ಹೇಳಿದ್ರೆ ಆ ತಾಯಿ ನನ್ನ ನಂಬರೇ ಎತ್ತಲ್ಲ, ಇನ್ನೊಬ್ಬರಿಗೂ ಬಾಗಿಲು ತೆಗೆಯಲ್ಲ. ಹೇಳದಿದ್ರೆ ಆ ಮಗು... ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡಂಗಾಯ್ತು. ಅಡುಗೆಗೆ ಉಪ್ಪು ಹಾಕಿದ್ನೋ ಇಲ್ವೋ ಅನ್ನೋದೂ ನೆನಪಿರ್ತಿರಲಿಲ್ಲ. ಎಲ್ಲಾದ್ರೂ ಆಂಬುಲೆನ್ಸ್ ಸದ್ದಾದ್ರೆ ಅದೇ ಮನೆಗೆ ಹೋಗ್ತಿದೆ ಅನ್ನಿಸೋದು. ಆ ಮನೆ ಎಲ್ಲಿದೆ ಅಂತಾನೂ ನನಗೆ ಗೊತ್ತಿಲ್ಲ!"

ಮೂರು ದಿನ ಹೀಗೆ ಒದ್ದಾಡಿದ ಮೇಲೆ ಮತ್ತೆ ಆ ತಾಯಿಗೇ ಕರೆ ಮಾಡಿದರು. "ನಾನು ಕೊಟ್ಟ ಮಾತು ಮುರೀತೀನಿ ಅಮ್ಮ. ನನ್ನನ್ನ ಬೈಯಿರಿ, ಶಾಪ ಹಾಕಿ, ಆದ್ರೆ ಫೋನ್ ಇಡ್ಬೇಡಿ," ಎಂದರು. ತಾಯಿ ಬೈಯಲಿಲ್ಲ. "ಹೇಳಿ. ನನಗೂ ಸಾಕಾಗಿದೆ," ಎಂದರಂತೆ.

ಅಕ್ಕನಿಂದ ವಿಷಯ ತಿಳಿದ ಪ್ರೊಫೆಸರ್ ಅಂದೇ ಕಾಲೇಜಿನ ಮನೋವೈದ್ಯೆಯನ್ನು ಕರೆದುಕೊಂಡು ಆ ಮನೆಗೆ ಹೋದರು. ಹೆಸರು ಹೊಡೆಯುವ ಮಾತೇ ಬರಲಿಲ್ಲ, ರಜೆ ಎಂದು ಬರೆದು ಜಾಗ ಉಳಿಸಿದರು. ತಪ್ಪದೆ ಪಾಠ ನೋಡುವವರಿಗೂ ಈಗ ಕರೆ ಹೋಗುತ್ತದೆ. "ನಾನು ಅಂಕಿ ನೋಡಿ ಖುಷಿಪಟ್ಟಿದ್ದೆ. ಆ ಮನೆಗೆ ಹೋಗಿ ಬಂದ ಮೇಲೆ ವಾರಗಟ್ಟಲೆ ನನಗೂ ಸರಿಯಾಗಿ ಊಟ ಸೇರಲಿಲ್ಲ," ಎನ್ನುತ್ತಾರೆ ಪ್ರೊಫೆಸರ್.

ಔಷಧಿ ಶುರುವಾಯಿತು. ಅದರ ಜೊತೆಗೆ ಮನೋವೈದ್ಯೆ ಇನ್ನೊಂದು ಮಾತನ್ನೂ ಹೇಳಿದರು: ದಿನಾ ಒಂದೇ ಹೊತ್ತಿಗೆ ಹೊರಗಿನ ಒಂದು ದನಿ ಆ ಕೋಣೆಗೆ ಬರಲಿ, ಏನನ್ನೂ ಕೇಳುವುದು ಬೇಡ, ಸುಮ್ಮನೆ ಮಾತಾಡಲಿ. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಅಕ್ಕನ ಸ್ವಂತ ಮೊಬೈಲಿನಿಂದ ಒಂದು ಕರೆ. ತಾಯಿ ಫೋನನ್ನು ಸ್ಪೀಕರಿಗೆ ಹಾಕಿ ದಿಂಬಿನ ಹತ್ತಿರ ಇಡುತ್ತಾರೆ. ಅಕ್ಕ ಬಾಯಿಗೆ ಬಂದದ್ದು ಹೇಳುತ್ತಾರೆ. ಹಾಲು ಉಕ್ಕಿದ್ದು, ನಲ್ಲಿ ಸೋರುತ್ತಿರುವುದು, ಅತ್ತೆ ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದ್ದು. ಹುಡುಗಿ ಈವರೆಗೆ ಒಂದು ಮಾತನ್ನೂ ಆಡಿಲ್ಲ.

"ಉಸಿರು ಕೇಳಿಸುತ್ತೆ. ಅಷ್ಟು ಸಾಕು. ಕೇಳಿಸೋವರೆಗೂ ನನ್ನ ಉಸಿರು ನಿಂತಿರುತ್ತೆ," ಎನ್ನುತ್ತಾರೆ. ಈಚೆಗೆ ಅವಳು ಎದ್ದು ಕೂರುತ್ತಾಳೆ, ಕಿಟಕಿ ತೆಗೆಯುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ. ಕೇಳಿದವರಿಗೆ ಸಂತೋಷವಾಗಬೇಕು. ಆದರೆ ಚೇತರಿಸಿಕೊಳ್ಳುವ ದಿನಗಳಲ್ಲೇ ಹೆಚ್ಚು ಕಣ್ಣಿಟ್ಟಿರಬೇಕು ಎಂದು ಮನೋವೈದ್ಯೆ ಇಬ್ಬರಿಗೂ ಎಚ್ಚರಿಸಿದ್ದಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಮಾತ್ರ ತಾಯಿ ತಾವಾಗಿ ಕರೆ ಮಾಡಬೇಕು ಎಂದು ಇಬ್ಬರ ನಡುವೆ ಒಪ್ಪಂದವಾಗಿದೆ. ಆ ಮೊಬೈಲ್ ಸ್ನಾನದ ಮನೆಯ ಬಾಗಿಲವರೆಗೂ ಅಕ್ಕನ ಜೊತೆ ಹೋಗುತ್ತದೆ. ಚಾರ್ಜ್ ಕಮ್ಮಿಯಾದರೆ ಮನೆಮಂದಿಗೆಲ್ಲ ಬೈಗುಳ.

ಮಾತಿನ ಭರದಲ್ಲಿ ಚಹಾ ಎರಡನೇ ಸಲ ಬಂದು ಹೋಗಿದೆ. ಆಸ್ಪತ್ರೆಯ ದಿನಗಳು, ಆ ಮೂರು ದಿನಗಳು, ಒಂದನ್ನು ಕೆದಕಿದರೆ ಇನ್ನೊಂದು. ಪತ್ರಿಕೆಯವರ ಪ್ರಶ್ನೆಗಳಿಗೂ ಕೊನೆಯಿಲ್ಲ. ಹೊರಗೆ ಬಿಸಿಲು ಏರಿ, ಎದುರಿನ ಶಾಲೆಯ ಗಂಟೆ ಹೊಡೆದದ್ದೂ ಯಾರ ಗಮನಕ್ಕೂ ಬಂದಿಲ್ಲ.

ನಿಮಗೆ ಏನು ಆಸೆ ಎಂದು ಕೇಳಿದರೆ ಅಕ್ಕ ಯೋಚಿಸುವುದೇ ಇಲ್ಲ. "ಆ ಮನೆಯಿಂದ ನನಗೆ ಫೋನ್ ಬರದೇ ಇರ್ಲಿ. ಯಾವತ್ತೂ. ಇನ್ನೇನೂ ಬೇಡ."

ಆ ಮಾತು ಮುಗಿದು ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಮೊಬೈಲ್ ಸದ್ದು ಮಾಡುತ್ತದೆ. ಪರದೆಯ ಮೇಲೆ ಅದೇ ಮನೆಯ ನಂಬರ್.

ಅಕ್ಕನ ಕೈ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಸಾವಿರಾರು ಮನೆಗಳಿಗೆ ಕರೆ ಮಾಡಿದ ಹೆಂಗಸಿಗೆ ಒಂದು ಕರೆ ಎತ್ತಲಾಗುತ್ತಿಲ್ಲ. "ಎತ್ತೇ!" ಎಂದು ಒಳಗಿನಿಂದ ಅತ್ತೆ ಗದರುತ್ತಾರೆ. ಎತ್ತುವ ಅವಸರದಲ್ಲಿ ಬೆರಳು ತಾಗಿ ಸ್ಪೀಕರ್ ಹತ್ತಿಕೊಳ್ಳುತ್ತದೆ.

"ಹಲೋ... ಅಮ್ಮಾ? ಏನಾಯ್ತಮ್ಮ?"

ಉಸಿರು. ಅಕ್ಕನಿಗೆ ಗುರುತಿರುವ ಉಸಿರು. ಆಮೇಲೆ ಬಹಳ ದಿನ ಬಳಸದೆ ಇಟ್ಟ, ತುಕ್ಕು ಹಿಡಿದಂಥ ಒಂದು ಎಳೆಯ ದನಿ.

"ಅಕ್ಕಾ, ನಾನು. ಅಮ್ಮ ಇಲ್ಲೇ ಪಕ್ಕದಲ್ಲೇ ಇದ್ದಾರೆ. ಎಂಟು ಗಂಟೆ ಆಗಿ ಎಷ್ಟೊತ್ತಾಯ್ತು... ಇವತ್ತು ನಿಮ್ಮ ಫೋನೇ ಬರಲಿಲ್ಲ. ನಿಮಗೇನಾದ್ರೂ ಆಯ್ತೇನೋ ಅಂತ ಭಯ ಆಯ್ತು."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಾರೆ, ಸದ್ದು ಅತ್ತ ಕಡೆ ಹೋಗದ ಹಾಗೆ.

"ತಪ್ಪಾಯ್ತು ಕಣಮ್ಮ," ಎನ್ನುತ್ತಾರೆ. "ಪೇಪರ್‌ನವರು ಬಂದು ಕೂತ್ಬಿಟ್ಟಿದ್ದಾರೆ. ಎದ್ದೇಳಿ ಅಂತ ಈಗ್ಲೇ ಹೇಳ್ತೀನಿ, ನೀನು ಮಾತಾಡು."