ಸೂಜಿಯ ಮೈಲಿಗೆ

ನಮ್ಮತ್ತೆ ಪುಟ್ಟಲಕ್ಷ್ಮಿ ಎಚ್.ಡಿ. ಕೋಟೆ ಕಡೆಯವರು. ಮದುವೆಯಾಗಿ ಹುಣಸೂರು ಬಳಿಯ ಗುರುಪುರಕ್ಕೆ ಬಂದಂದಿನಿಂದ, ಎಲೆ ಒಣಗಿಸುವ ಬೇರೆಯವರ ಬ್ಯಾರನ್ನುಗಳಲ್ಲಿ ಹೊಗೆಸೊಪ್ಪು ಕಟ್ಟಿಯೇ ಮಗನನ್ನು ಓದಿಸಿದವರು. ಕಡ್ಡಿಗೆ ಎಲೆ ಕಟ್ಟುವಾಗ ಅವರ ಕೈ ಕಣ್ಣಿಗೆ ಸಿಗುತ್ತಿರಲಿಲ್ಲವಂತೆ. ನಾನು ನೋಡಿದ್ದು ಆ ಕೈ ನನ್ನ ಮಗ ಸಿದ್ದಾರ್ಥನ ಬೆನ್ನು ತಟ್ಟುವುದನ್ನು. ಮೈಸೂರಿನಲ್ಲಿ ಓದಿ ಬೆಳೆದ ನನಗೆ ಮಗು ಸೀನಿದರೂ ಎದೆ ಡವಗುಟ್ಟುತ್ತದೆ. ಅತ್ತೆ ಎತ್ತಿಕೊಂಡರೆ ಮಗುವೂ ಸುಮ್ಮನಾಗುತ್ತಿತ್ತು, ನಾನೂ.

ಹೋದ ವರ್ಷ ಅವರ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿದ್ದೆವು. ಈಗ ಸೊಂಟನೋವು ಶುರುವಾದಾಗ ಡಾಕ್ಟರು ಬೋನ್ ಸ್ಕ್ಯಾನ್ ಮಾಡಿಸಿ ಎಂದರು. ಮಗುವನ್ನು ನೋಡಿಕೊಳ್ಳಲು ನನ್ನ ಗಂಡ ಶಂಕರ್ ಮನೆಯಲ್ಲಿ ಉಳಿದ, ನಾನು ಅತ್ತೆಯ ಜೊತೆ ಮೈಸೂರಿಗೆ ಹೋದೆ. ಆಸ್ಪತ್ರೆಯ ಆ ಕೋಣೆಯ ಬಾಗಿಲ ಮೇಲೆ ಹಳದಿ ಬಣ್ಣದ ಎಚ್ಚರಿಕೆಯ ಗುರುತು. ಅದನ್ನು ಕಂಡದ್ದೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬಾಗಿಲನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಸೂಜಿ ಹಾಕುವ ನರ್ಸ್ ಸಮಾಧಾನವಾಗಿಯೇ ಹೇಳಿದಳು: “ಇದರಲ್ಲಿ ಸ್ವಲ್ಪ ವಿಕಿರಣ ಇರುತ್ತೆ ಅಮ್ಮ. ಚೆನ್ನಾಗಿ ನೀರು ಕುಡೀರಿ, ಮೂತ್ರದಲ್ಲಿ ಹೋಗುತ್ತೆ. ಇವತ್ತೊಂದು ದಿನ ಚಿಕ್ಕ ಮಕ್ಕಳನ್ನ, ಬಸುರಿಯರನ್ನ ಹತ್ತಿರ ಸೇರಿಸಬೇಡಿ.”

“ಅದು ಓಯ್ತು ಅಂತ ಎಂಗ್ ಗೊತ್ತಾಯ್ತದವ್ವ?” ಎಂದರು ಅತ್ತೆ.

“ತಾನಾಗೇ ಹೋಗುತ್ತೆ.”

ಆ ಉತ್ತರ ಅವರಿಗೆ ಸಾಲಲಿಲ್ಲ. ತಣ್ಣನೆಯ ಎ.ಸಿ. ಕೋಣೆಯಲ್ಲಿ ಯಂತ್ರದ ಕೆಳಗೆ ಮಲಗಿ ಎದ್ದು ಬಂದವರ ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ವಾಪಸು ಬರುವಾಗ ಇಲವಾಲದಲ್ಲಿ ಬಸುರಿ ಹೆಂಗಸೊಬ್ಬಳು ಬಸ್ಸು ಹತ್ತಿ ಅವರ ಪಕ್ಕ ಕೂತಳು. ಅತ್ತೆ ಎದ್ದು ಹೋಗಿ ಮುಂದಿನ ಕಂಬ ಹಿಡಿದು ನಿಂತರು.

“ಫ್ರೀ ಟಿಕೆಟ್ ಅಂತ ಕೂರಾಕೆ ನಾಚ್ಕೆನಾ ಯಜಮಾನ್ತಿ? ಸೀಟ್ ಅದೆ, ಕೂತ್ಕಳಿ,” ಎಂದ ಕಂಡಕ್ಟರ್.

ಅತ್ತೆ ಆ ನೋಯುವ ಸೊಂಟದಲ್ಲೇ ಹುಣಸೂರಿನವರೆಗೂ ನಿಂತು ಬಂದರು.

ಮನೆ ತಲುಪಿದ್ದೇ ನಾನು ಬಚ್ಚಲಿಗೆ ಓಡಿ ತಲೆಗೆ ನೀರು ಹುಯ್ದುಕೊಂಡೆ. ಆಮೇಲೆಯೇ ಮಗುವನ್ನು ಮುಟ್ಟಿದ್ದು. ಸಾವಿನ ಮನೆಗೆ ಹೋಗಿ ಬಂದವರು ಮಾಡುವುದೂ ಅದನ್ನೇ. ಅತ್ತೆಗೆ ಅಷ್ಟು ಸಾಕಾಯಿತು. ಇದು ಮೈಲಿಗೆಯೇ ಎಂದು ತೀರ್ಮಾನಿಸಿ, ತಟ್ಟೆ, ಲೋಟ, ಚಾಪೆ ತೆಗೆದುಕೊಂಡು ಹಿತ್ತಲ ಕೊಟ್ಟಿಗೆಗೆ ಹೋಗಿಬಿಟ್ಟರು.

ಮರುದಿನ ಬೆಳಗ್ಗೆ, “ಮುಗೀತು ಅತ್ತೆ, ಒಳಗೆ ಬನ್ನಿ,” ಎಂದೆ.

“ಯಾರು ಮುಗಿಸಿದ್ರು? ಸೂತಕ ಆದ್ರೆ ತಲೆಗೆ ನೀರುಯ್ದು, ಮನೆಯೋರೇ ಒಳೀಕ್ ಕರ್ಕತಾರೆ. ಇದು ಕಣ್ಗೆ ಕಾಣಾಕಿಲ್ಲ, ವಾಸ್ನೆ ಇಲ್ಲ. ನೆನ್ನೆ ನೀನೇ ಎದ್ರಿಕೊಂಡು ಬಚ್ಚಲ್ಗೆ ಓಡ್ದೆ. ಈಗ ಓಯ್ತು ಅಂದ್ರೆ ಎಂಗ್ ನಂಬ್ಲಿ?”

“ಕೊಟ್ಗೇಗೆ ಮುದ್ದೆ ಸಾಗ್ಸಾಕೆ ನಾನೇನ್ ನಿನ್ ಆಳೇನಮ್ಮಿ? ಎದ್ ಬಾ,” ಎಂದು ಮಾವ ದಾಸಯ್ಯ ರೇಗಿಸಿದರು.

“ದೂರ ಕೂರಾದು ನಂಗೇನ್ ಒಸದಾ? ಬ್ಯಾರನ್ ಮನೆಯೋರ ಜಗ್ಲಿ ಕೆಳ್ಗೆ ಕೂತೂ ಕೂತೂ ಅಭ್ಯಾಸ ಆಗದೆ. ಸುಮ್ಕಿರು.”

ಮಾವ ತಟ್ಟೆ ಇಟ್ಟು ಬಂದರು.

ಸಿದ್ದಾರ್ಥ ಅಳುತ್ತಿದ್ದ. ಅತ್ತೆ ಕೊಟ್ಟಿಗೆಯಿಂದಲೇ ಲಾಲಿ ತೆಗೆದರು. ಅಳು ನಿಲ್ಲಿಸಿದ ಮಗು ಆ ದನಿಯ ಕಡೆಗೆ ಅಂಬೆಗಾಲಿಟ್ಟು ಹಿಂಬಾಗಿಲಿಗೆ ಬಂದಿತು. ಲಾಲಿ ಅಲ್ಲಿಗೇ ನಿಂತುಹೋಯಿತು. ನಾನು ಮಗುವನ್ನು ಎತ್ತಿಕೊಂಡೆ. ಆಸ್ಪತ್ರೆಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಮೈಯಲ್ಲಿ ಈಗ ಏನೂ ಉಳಿದಿರುವುದಿಲ್ಲ ಎಂದರು. ಫೋನ್ ಇಟ್ಟ ಮೇಲೂ ಮೊಬೈಲಿನಲ್ಲಿ ಅದನ್ನೇ ಹುಡುಕುತ್ತಿದ್ದೆ.

ವಾರದ ಕೊನೆಗೆ ಶಂಕರ್ ರಿಪೋರ್ಟ್ ತಂದ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು, “ಸೊಂಟದ ಮೂಳೆಗೆ ಬಂದ್ಬುಟ್ಟದೆ ಕಣವ್ವ,” ಎಂದ.

ಅತ್ತೆ ಚಾಪೆಯ ಅಂಚು ಸವರುತ್ತಾ ಕೂತರು. “ಮದ್ಲೇ ಇತ್ತಾ, ಇಲ್ಲಾ ಆ ಸೂಜಿ ತಂದುದ್ದಾ?”

“ಮದ್ಲೇ ಇತ್ತು. ಸೂಜಿ ತೋರ್ಸ್ತು, ಅಷ್ಟೆ.”

“ಮಗೀಗೆ ಅಂಟ್ತದಾ?”

“ಅಂಟಾ ಕಾಯ್ಲೆ ಅಲ್ಲ ಕಣವ್ವ.”

ಹೇಳಬೇಕಾದವಳು ನಾನು ಎನ್ನುವಂತೆ ಅವರು ನನ್ನ ಕಡೆ ತಿರುಗಿದರು. ನಾನು ಹೋಗಿ ಹಂಡೆಗೆ ಉರಿ ಹಾಕಿದೆ. ನೀರು ಕಾದ ಮೇಲೆ ಅವರ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ, ಕೂರಿಸಿ, ತಲೆಗೆ ಹುಯ್ದೆ.

“ಇನ್ನೂ ಉಯ್ಯವ್ವ. ಬುಡ ನೆಂದಿಲ್ಲ.”

ಹಂಡೆಯ ತಳ ಕಾಣುವವರೆಗೂ ಹುಯ್ದೆ. ಒಗೆದ ಸೀರೆ ಉಡಿಸಿ ಒಳಗೆ ಕರೆತಂದು, ಸಿದ್ದಾರ್ಥನನ್ನು ಅವರ ತೊಡೆಯ ಮೇಲೆ ಕೂರಿಸಿದೆ. ಮಗುವಿನ ಮೇಲಿಂದ ಕೈ ತೆಗೆಯಲು ನಾನು ತಡಮಾಡಿದ್ದು ಅವರಿಗೆ ಕಂಡಿರಬೇಕು. ಮಗುವನ್ನು ಎದೆಗೆ ಒತ್ತಿಕೊಳ್ಳಲಿಲ್ಲ. ಎರಡೂ ಕೈ ಚಾಚಿ, ಮೊಣಕಾಲ ತುದಿಯಲ್ಲಿ ನಿಲ್ಲಿಸಿಕೊಂಡರು. ಅವನು ಅವರ ಒದ್ದೆ ಕೂದಲಿಗೆ ಕೈ ಹಾಕಲು ನೋಡುತ್ತಿದ್ದ. ಎಟುಕುತ್ತಿರಲಿಲ್ಲ.

“ಇನ್ನೂ ಸೂಜಿ ಆಕ್ತಾರಾ?”

“ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ ಅಂದಿದ್ದಾರೆ ಅತ್ತೆ.”

“ಅಷ್ಟೊತ್ಗೆ ಇವ್ನು ನಡೀತಾನೆ,” ಎಂದರು. “ಈಗಾದ್ರೆ ನೀನು ಎತ್ಕಂಡ್ ಓಯ್ತೀಯ. ಆಗ ಅವ್ನೇ ನಡ್ಕಂಡು ಕೊಟ್ಗೇಗ್ ಬಂದ್ಬುಟ್ರೆ, ಬರ್ಬ್ಯಾಡ ಅಂತ ಎಂಗವ್ವ ಅನ್ನಾದು?”