ಅವರ ಪಾಲಿನ ನೆರಳು

ಕೊಡಿಗೇಹಳ್ಳಿಯ ನಮ್ಮ ಮನೆ ಮುಂದಿನ ಹೊಂಗೆ ಮರದ ಕೊಂಬೆ ಸವರಲು ವರ್ಷಕ್ಕೊಮ್ಮೆ ಬರುತ್ತಿದ್ದಾತ, ಬಂದ ಕೂಡಲೇ ಮರ ಹತ್ತುತ್ತಿರಲಿಲ್ಲ. "ಮೊದ್ಲು ಎರಡೂ ಕುರ್ಚಿ ಹಾಕಿ ಅಮ್ಮ" ಎನ್ನುತ್ತಿದ್ದ. ಸಂಜೆ ನಾನೂ ನಮ್ಮ ಯಜಮಾನರೂ ಕೂರುವ ಜಾಗದಲ್ಲಿ ಒಂದೊಂದರಲ್ಲೂ ತಾನೇ ಕೂತು, ಒಂದು ಕಣ್ಣು ಮುಚ್ಚಿ ಮೇಲೆ ನೋಡಿ, ನೆರಳಿಗೆ ಯಾವ ಕೊಂಬೆ ಉಳಿಸಬೇಕೆಂದು ಗೊತ್ತುಮಾಡಿಕೊಂಡ ಮೇಲೆಯೇ ಹಗ್ಗ ಎಸೆಯುತ್ತಿದ್ದ.

ಯಜಮಾನರು ತೀರಿಕೊಂಡ ವರ್ಷ ನಾನು ಒಂದೇ ಕುರ್ಚಿ ಹಾಕಿದೆ. "ಇನ್ನೊಂದು?" ಎಂದ. ವಿಷಯ ಹೇಳಿದೆ. ಆತ ಒಳಗೆ ಹೋಗಿ ಅವರ ಕುರ್ಚಿಯನ್ನೂ ತಂದು ಹಾಕಿ, ಅದರಲ್ಲಿ ಕೂತು ಮೇಲೆ ನೋಡಿದ.

"ಅವರ ನೆರಳು ಇರ್ಲಿ ಬಿಡಿ ಅಮ್ಮ."

ಈಗ ಮೊಣಕಾಲು ನೋವೆಂದು ಮರ ಹತ್ತುವುದನ್ನೇ ಬಿಟ್ಟನಂತೆ. ಈ ಸಲ ಮೆಷಿನ್ ತಂದವರು ಮರವನ್ನಷ್ಟೇ ನೋಡಿ ಕೊಯ್ದು ಹೋದರು. ಸಂಜೆ ನನ್ನ ಪಕ್ಕದ ಕುರ್ಚಿಯಲ್ಲಿ ಬಿಸಿಲು ಬಂದು ಕೂರುತ್ತದೆ.